ಮನೆಯ ಬೀಗದ ಕೈಯ ಜೊತೆಗೆ ಮಕ್ಕಳ ಡಾಕ್ಟರನ್ನೂ ಅದಲುಬದಲು ಮಾಡಿಕೊಳ್ಳಿ

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ನೀರ್ಚಾಲು. ನನ್ನ ಯಜಮಾನರಿಗೆ ಸಂಶೋಧನೆಗಾಗಿ ಜರ್ಮನಿಯ ಫ್ರೈಬುರ್ಗ್ ನಗರದಲ್ಲಿ ಹನ್ನೊಂದು ತಿಂಗಳ ವಿದ್ಯಾರ್ಥಿವೇತನ ದೊರೆತಿದೆ. ಸೆಪ್ಟೆಂಬರ್ ಮೊದಲ ವಾರ ಹೊರಡುತ್ತೇವೆ. ಅಷ್ಟೂ ಕಾಲ ನಾವು ಅಲ್ಲಿನ ಒಂದು ಕುಟುಂಬದ ಮನೆಯಲ್ಲಿಯೂ ಅವರು ನಮ್ಮ ಮನೆಯಲ್ಲಿಯೂ ಇರುವುದೆಂದು ಮಾತಾಗಿದೆ. ಮಗನಿಗೆ ಒಂಬತ್ತೂವರೆ ವರ್ಷ, ಮಳೆಗಾಲದಲ್ಲಿ ದಮ್ಮು ಬರುತ್ತದೆ, ಇನ್‌ಹೇಲರ್ ಇದೆ. ಮಗಳಿಗೆ ಮೂರು ವರ್ಷ. ಒಂದೂವರೆ ವರ್ಷದವಳಿದ್ದಾಗ ಒಮ್ಮೆ ಜ್ವರದಲ್ಲಿ ಸೆಳೆತ ಬಂದಿತ್ತು, ಅಂದಿನಿಂದ ಜ್ವರ ಬಂದಾಗಲೆಲ್ಲ ಮೂರು ದಿನ ಸೆಳೆತ ತಡೆಯುವ ಕ್ಲೊಬಜಾಮ್ ಎಂಬ ಮದ್ದು ಕೊಡುತ್ತೇವೆ. ಅವಳ ಲಸಿಕೆಯ ಕಾರ್ಡು ಮಳೆಯಲ್ಲಿ ನೆನೆದು ಒಂದೆರಡು ತಾರೀಕುಗಳು ಅಳಿಸಿಹೋಗಿವೆ. ಅಲ್ಲಿಂದ ಬರುವವರಿಗೆ ಏಳು ವರ್ಷದ ಮಗಳಿದ್ದಾಳೆ, ಅವಳಿಗೆ ಗೇರುಬೀಜದ ಅಲರ್ಜಿ ಎಂದು ತಾಯಿ ಬರೆದಿದ್ದಾರೆ. ನಮ್ಮ ಮನೆಯ ಸುತ್ತ ಇರುವುದೇ ಗೇರುಮರಗಳು. ಏನೇನು ಮದ್ದು ಒಯ್ಯಬೇಕು, ಏನೇನು ಏರ್ಪಾಡು ಮಾಡಿಕೊಳ್ಳಬೇಕು?

ಉತ್ತರ: ಮದ್ದಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮುಖ್ಯವಾದ ಒಂದು ಮಾತಿದೆ. ನಮ್ಮೂರಿನಲ್ಲಿ ಮಗುವಿನ ಆರೋಗ್ಯದ ಚರಿತ್ರೆ ಬಹುಪಾಲು ಕಾಗದದ ಮೇಲಿಲ್ಲ. ಅದು ತಾಯಿಯ ನೆನಪಿನಲ್ಲಿದೆ, ಅಜ್ಜಿಯ ನೆನಪಿನಲ್ಲಿದೆ, ಹುಟ್ಟಿದಾಗಿನಿಂದ ಮಗುವನ್ನು ನೋಡಿದ ಡಾಕ್ಟರರ ನೆನಪಿನಲ್ಲಿದೆ. ಮಗು ಬಾಗಿಲಲ್ಲಿ ಕಾಣಿಸಿಕೊಂಡ ಕೂಡಲೇ ಕಳೆದ ವರ್ಷ ಯಾವ ಮದ್ದಿಗೆ ಮೈಮೇಲೆ ದಡಿಕೆ ಎದ್ದಿತ್ತು ಎಂಬುದು ಮಕ್ಕಳ ಡಾಕ್ಟರರಾದ ನಮಗೆ ಹೊಳೆಯುತ್ತದೆ. ನೀವು ವಿಮಾನ ಹತ್ತುವ ದಿನ ಆ ನೆನಪೆಲ್ಲ ನೀರ್ಚಾಲಿನಲ್ಲಿಯೇ ಉಳಿಯುತ್ತದೆ. ಫ್ರೈಬುರ್ಗಿನ ಆ ತಾಯಿಯ ಕಥೆಯೂ ಅದೇ. ಎರಡು ಕುಟುಂಬಗಳು ಮನೆ ಬದಲಿಸಿಕೊಳ್ಳುವಾಗ ಬೀಗದ ಕೈ, ಗ್ಯಾಸಿನ ಪುಸ್ತಕ, ಹಾಲಿನವರ ಫೋನ್ ನಂಬರು ಎಲ್ಲವನ್ನೂ ಒಪ್ಪಿಸಿಕೊಡುತ್ತವೆ, ಆದರೆ ಮಕ್ಕಳ ಡಾಕ್ಟರನ್ನು ಒಪ್ಪಿಸಿಕೊಡುವುದು ಯಾರಿಗೂ ನೆನಪಾಗುವುದಿಲ್ಲ. ನಿಮ್ಮ ಏರ್ಪಾಡಿನಲ್ಲಿ ಮೊದಲು ಆಗಬೇಕಾದದ್ದು ಅದು.

ಜರ್ಮನಿಯ ನಗರಗಳಲ್ಲಿ ಮಕ್ಕಳ ವೈದ್ಯರ ಕ್ಲಿನಿಕ್ಕುಗಳು ಹೊಸ ಮಕ್ಕಳನ್ನು ಸೇರಿಸಿಕೊಳ್ಳುವುದು ಸುಲಭವಲ್ಲ. ಎಷ್ಟೋ ಕಡೆ ‘ಈಗ ಜಾಗವಿಲ್ಲ’ ಎಂಬ ಉತ್ತರವೇ ಬರುತ್ತದೆ. ನಮ್ಮಲ್ಲಿಯ ಹಾಗೆ ಸಂಜೆ ಹೋಗಿ ಟೋಕನ್ ತೆಗೆದುಕೊಂಡು ಕುಳಿತರೆ ಆಗುವ ಕೆಲಸ ಅದಲ್ಲ. ಆದರೆ ನಿಮಗೊಂದು ಅನುಕೂಲವಿದೆ: ಆ ಮನೆಯ ಮಗುವಿಗೆ ಈಗಾಗಲೇ ಒಬ್ಬ ವೈದ್ಯರಿದ್ದಾರೆ, ಮತ್ತು ಹನ್ನೊಂದು ತಿಂಗಳು ಆ ಮಗು ಅಲ್ಲಿ ಇರುವುದಿಲ್ಲ. ನಮ್ಮ ಜಾಗದಲ್ಲಿ ಈ ಇಬ್ಬರು ಮಕ್ಕಳು ಬರುತ್ತಾರೆ, ಇವರನ್ನು ನೋಡಿಕೊಳ್ಳಬಹುದೇ ಎಂದು ಆ ತಾಯಿ ತನ್ನ ಕ್ಲಿನಿಕ್ಕಿಗೆ ಈಗಲೇ ಬರೆದು ಕೇಳಲಿ, ಜೊತೆಗೆ ನಿಮ್ಮ ಮಕ್ಕಳ ಕಾಗದಪತ್ರಗಳನ್ನೂ ಕಳುಹಿಸಲಿ. ನೀವೂ ಇಲ್ಲಿ ಹಾಗೆಯೇ ಮಾಡಿ. ಹೊರಡುವ ಮೊದಲು ಅವರ ಮಗುವಿನ ಕಾಗದಗಳನ್ನು ನಿಮ್ಮ ಡಾಕ್ಟರರ ಕೈಗೆ ಮುಟ್ಟಿಸಿ, ಸಾಧ್ಯವಾದರೆ ಆ ತಾಯಿಯೂ ನಿಮ್ಮ ಡಾಕ್ಟರರೂ ವೀಡಿಯೋ ಕರೆಯಲ್ಲಿ ಹತ್ತು ನಿಮಿಷ ಮುಖಾಮುಖಿ ಮಾತನಾಡಲಿ. ಮುಂದೆ ನಡುರಾತ್ರಿ ಫೋನ್ ಮಾಡಬೇಕಾಗಿ ಬಂದಾಗ, ಒಮ್ಮೆ ಮುಖ ಕಂಡವರಿಗೆ ಮಾತನಾಡುವುದು ಎಷ್ಟೋ ಹಗುರ.

ಗಡಿನಾಡಿನವರಾದ ನಮಗೆ ಇದರ ಬೆಲೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. 2020ರ ಮಾರ್ಚ್ ಕೊನೆಯಲ್ಲಿ, ಕೊರೊನಾ ಕಾಲದಲ್ಲಿ, ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ, ವರ್ಷಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಜಿಲ್ಲೆಯ ರೋಗಿಗಳು ಆಚೆ ದಾಟಲಾಗದೆ ನಿಂತರು. ಆ ವಾರಗಳಲ್ಲಿ ನನ್ನ ಬಳಿಗೆ ಬಂದ ಮಕ್ಕಳಲ್ಲಿ ಕೆಲವರ ಫೈಲು ಪೂರ್ತಿ ಗಡಿಯ ಆಚೆಗಿತ್ತು. ತಂದೆತಾಯಿಯರ ಕೈಯಲ್ಲಿದ್ದದ್ದು ಖಾಲಿಯಾದ ಮಾತ್ರೆಯ ಹಾಳೆ ಮಾತ್ರ. ಆ ಹಾಳೆಯ ಹಿಂಬದಿಯ ಅಕ್ಷರಗಳನ್ನು ಬೆಳಕಿಗೆ ಹಿಡಿದು ಓದಿ ಮದ್ದು ಬರೆದುಕೊಟ್ಟ ದಿನಗಳು ಅವು. ಐವತ್ತು ಕಿಲೋಮೀಟರಿನ ದಾರಿಯಲ್ಲಿಯೇ ಹಾಗಾದರೆ, ಸಮುದ್ರದಾಚೆಯ ಊರಿಗೆ ಹೋಗುವಾಗ ಕಾಗದ ನಿಮ್ಮ ಕೈಯಲ್ಲಿಯೇ ಇರಬೇಕು.

ಆದ್ದರಿಂದ ನಿಮ್ಮ ಮಕ್ಕಳ ವೈದ್ಯರಿಂದ ಒಬ್ಬೊಬ್ಬರಿಗೆ ಒಂದೊಂದು ಪುಟದ ಪತ್ರವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ ಸಹಿ, ಮೊಹರು ಹಾಕಿಸಿಕೊಳ್ಳಿ. ಹುಟ್ಟಿದಾಗಿನ ತೂಕ, ಈವರೆಗಿನ ಕಾಯಿಲೆಗಳು, ಆಸ್ಪತ್ರೆಗೆ ಸೇರಿಸಿದ್ದರೆ ಅದರ ವಿವರ, ಆಗದ ಮದ್ದುಗಳು, ಈಗ ಕೊಡುತ್ತಿರುವ ಮದ್ದುಗಳು, ಇಷ್ಟು ಅದರಲ್ಲಿ ಇರಲೇಬೇಕು. ಮದ್ದಿನ ಕಂಪನಿಯ ಹೆಸರು ಬರೆಸಬೇಡಿ. ಅಲ್ಲಿ ಆ ಹೆಸರು ಯಾರಿಗೂ ಅರ್ಥವಾಗದು. ಒಳಗಿರುವ ಮೂಲ ಔಷಧದ ಹೆಸರು ಮತ್ತು ಪ್ರಮಾಣ ಇರಲಿ. ತಿಂಗಳನ್ನು ಅಂಕಿಯಲ್ಲಿ ಬರೆಯದೆ ಅಕ್ಷರದಲ್ಲಿ ಬರೆದರೆ ಯಾವ ದೇಶದಲ್ಲಿಯೂ ಗೊಂದಲವಾಗುವುದಿಲ್ಲ. ಇದುವರೆಗಿನ ತೂಕ, ಎತ್ತರಗಳನ್ನೂ ತಾರೀಕು ಸಹಿತ ಸೇರಿಸಿ. ನಮ್ಮ ಮಕ್ಕಳು ಅಲ್ಲಿಯ ಬೆಳವಣಿಗೆಯ ಪಟ್ಟಿಯಲ್ಲಿ ಸಣಕಲಾಗಿ ಕಾಣುವುದು ಸಾಮಾನ್ಯ. ಒಂದೇ ದಿನದ ತೂಕ ನೋಡಿದ ವೈದ್ಯರಿಗೆ ಆತಂಕವಾಗಬಹುದು, ಮೂರು ವರ್ಷದ ಅಂಕಿಗಳು ಒಂದೇ ಗೆರೆಯ ಮೇಲೆ ಏರಿರುವುದು ಕಂಡರೆ ಮಗು ತನ್ನ ಪಾಡಿಗೆ ಬೆಳೆಯುತ್ತಿದೆ ಎಂಬುದು ತಿಳಿಯುತ್ತದೆ.

ಆ ಪತ್ರದಲ್ಲಿ ಇನ್ನೊಂದು ಸಾಲು ಬೇಕಾಗಬಹುದು. ನಮ್ಮ ಅನೇಕ ಮಕ್ಕಳಿಗೆ ಹುಟ್ಟುವಾಗಲೇ ಸೊಂಟದ ಮೇಲೆ, ಕುಂಡೆಯ ಮೇಲೆ ನೀಲಿ-ಬೂದು ಬಣ್ಣದ ಮಚ್ಚೆ ಇರುತ್ತದೆ. ಕೆಲವರಲ್ಲಿ ನಾಲ್ಕೈದು ವರ್ಷದವರೆಗೂ ಉಳಿಯುತ್ತದೆ. ನಮ್ಮಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಬಿಳಿಯ ಚರ್ಮದ ಮಕ್ಕಳನ್ನೇ ಹೆಚ್ಚಾಗಿ ನೋಡಿದ ಶಿಶುವಿಹಾರದ ಶಿಕ್ಷಕಿಗೆ ಅದು ಪೆಟ್ಟು ಬಿದ್ದು ಕಂದಿದ ಗುರುತಿನ ಹಾಗೆ ಕಾಣಬಹುದು, ಮತ್ತು ಮಗುವಿಗೆ ಹೊಡೆಯುತ್ತಾರೆಂಬ ಸಂಶಯ ಬಂದರೆ ವಿಚಾರಿಸುವುದು ಅವರ ಕರ್ತವ್ಯ. ನಿಮ್ಮ ಮಗಳಿಗೆ ಅಂಥ ಮಚ್ಚೆ ಇದ್ದರೆ ಎಲ್ಲಿ, ಎಷ್ಟು ದೊಡ್ಡದು ಎಂಬುದನ್ನು ಡಾಕ್ಟರರಿಂದ ಬರೆಸಿ ಇಟ್ಟುಕೊಳ್ಳಿ.

ಇನ್ನು ಮಳೆಯಲ್ಲಿ ನೆನೆದ ಕಾರ್ಡು. ನಮ್ಮ ಜಿಲ್ಲೆಯ ಮಕ್ಕಳ ಕಾರ್ಡನ್ನು ನಾನು ದಿನಾಲೂ ಬಿಡಿಸಿ ನೋಡುವವನು: ಮುದ್ರಣ ಮಲಯಾಳದಲ್ಲಿ, ಉಪಕೇಂದ್ರದ ಸಿಸ್ಟರ್ ಬರೆದದ್ದು ಇಂಗ್ಲಿಷಿನಲ್ಲಿ, ನಡುವೆ ತವರಿಗೆ ಹೋದಾಗ ಪುತ್ತೂರಿನಲ್ಲಿಯೋ ಮಂಗಳೂರಿನಲ್ಲಿಯೋ ಹಾಕಿಸಿದ ಲಸಿಕೆ ಬೇರೆಯೇ ಪುಸ್ತಕದಲ್ಲಿ. ನಾನು ಹಿಂದೆ ತರಬೇತಿಗಾಗಿ ಹೊರದೇಶಕ್ಕೆ ಹೋದಾಗ ನನ್ನ ಮಗಳ ಕಾರ್ಡಿನಲ್ಲಿ ಎರಡು ತಾರೀಕುಗಳು ಓದಲು ಬಾರದೆ, ಡಾಕ್ಟರನ ಮಗಳಾದರೂ ಅವಳಿಗೆ ಆ ಲಸಿಕೆಗಳನ್ನು ಮತ್ತೊಮ್ಮೆ ಹಾಕಿಸಬೇಕಾಯಿತು. ಬರೆದಿಲ್ಲದ ಲಸಿಕೆಯನ್ನು ಹಾಕಿಸಿಲ್ಲವೆಂದೇ ತಿಳಿಯುವುದು ಎಲ್ಲೆಡೆಯ ನಿಯಮ, ಅದರಲ್ಲಿ ತಪ್ಪೇನೂ ಇಲ್ಲ. ನಿಮ್ಮ ಉಪಕೇಂದ್ರದಲ್ಲಿ ಮಗುವಿನ ಹೆಸರಿನ ಎದುರು ರಿಜಿಸ್ಟರಿನಲ್ಲಿ ಎಲ್ಲ ತಾರೀಕುಗಳೂ ಇರುತ್ತವೆ. ಅದನ್ನು ತೆಗೆಸಿ, ಬೇರೆಡೆ ಹಾಕಿಸಿದ್ದನ್ನೂ ಸೇರಿಸಿ, ಆರೋಗ್ಯ ಕೇಂದ್ರದ ಮೆಡಿಕಲ್ ಆಫೀಸರರಿಂದ ಇಂಗ್ಲಿಷಿನಲ್ಲಿ ಒಂದೇ ಪಟ್ಟಿಯಾಗಿ ದೃಢೀಕರಿಸಿಕೊಳ್ಳಿ. ಆಟಿ ತಿಂಗಳು ಮುಗಿಯುವುದರೊಳಗೆ, ಅಂದರೆ ಆಗಸ್ಟ್ ನಡುವಿನೊಳಗೆ, ಈ ಕೆಲಸ ಆಗಿರಲಿ.

ಇದಕ್ಕೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಜರ್ಮನಿಯಲ್ಲಿ 2020ರ ಮಾರ್ಚ್ 1ರಿಂದ ದಡಾರದ ಲಸಿಕೆಯ ಕಾನೂನು ಜಾರಿಯಲ್ಲಿದೆ. ಶಾಲೆಗೋ ಶಿಶುವಿಹಾರಕ್ಕೋ ಸೇರುವ ಮಗು ದಡಾರದ ವಿರುದ್ಧ ರಕ್ಷಣೆ ಪಡೆದಿದೆ ಎಂಬುದಕ್ಕೆ ದಾಖಲೆ ತೋರಿಸಬೇಕು, ಎರಡು ವರ್ಷ ದಾಟಿದ ಮಕ್ಕಳಿಗೆ ಎರಡು ಡೋಸು ಬೇಕು. ನಮ್ಮ ಸರಕಾರಿ ಕಾರ್ಯಕ್ರಮದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸು ಒಂಬತ್ತು ತಿಂಗಳು ತುಂಬಿದಾಗ, ಎರಡನೆಯದು ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳ ನಡುವೆ. ಅಳಿಸಿಹೋದ ತಾರೀಕು ಈ ಎರಡರಲ್ಲಿ ಒಂದಾಗಿದ್ದರೆ ಶಿಶುವಿಹಾರದ ಬಾಗಿಲಲ್ಲಿಯೇ ತಡೆಯಾಗುತ್ತದೆ. ಒಂದು ವರ್ಷ ತುಂಬುವ ಮೊದಲು ಹಾಕಿದ ಡೋಸನ್ನು ಅಮೆರಿಕದಂಥ ದೇಶಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಲ್ಲದೆ ನಮ್ಮ ಸರಕಾರಿ ಲಸಿಕೆಯಲ್ಲಿ ಕೆಪ್ಪಟೆಗೆ ರಕ್ಷಣೆ ಇಲ್ಲ. ಆದ್ದರಿಂದ ದಡಾರ, ಕೆಪ್ಪಟೆ, ರುಬೆಲ್ಲಾ ಮೂರೂ ಸೇರಿದ ಎಂಎಂಆರ್ ಲಸಿಕೆಯ ಒಂದು ಡೋಸನ್ನು ಈಗಲೇ ಹಾಕಿಸಿಬಿಡುವುದು ನನ್ನ ಸಲಹೆ. ದಡಾರದ ಲಸಿಕೆ ಮೂರನೆಯ ಸಲ ಆದರೂ ಮಗುವಿಗೆ ಹಾನಿಯಿಲ್ಲ. ಸೀತಾಳೆಸಿಡುಬಿನ ಲಸಿಕೆಯೂ ಸರಕಾರಿ ಪಟ್ಟಿಯಲ್ಲಿಲ್ಲ, ಜರ್ಮನಿಯಲ್ಲಿ ಮಕ್ಕಳಿಗೆಲ್ಲ ಅದನ್ನು ಹಾಕುತ್ತಾರೆ, ಇದುವರೆಗೆ ಸೀತಾಳೆ ಬಾರದ ಮಕ್ಕಳಿಗೆ ಹಾಕಿಸಿ. ಇವೆರಡೂ ಜೀವಂತ ಲಸಿಕೆಗಳಾದ್ದರಿಂದ ಒಂದೇ ದಿನ ಹಾಕಿಸಬೇಕು, ಇಲ್ಲವಾದರೆ ನಡುವೆ ನಾಲ್ಕು ವಾರ ಬಿಡಬೇಕು. ಹೊರಡುವ ಹಿಂದಿನ ವಾರ ಎಲ್ಲವನ್ನೂ ಮುಗಿಸುತ್ತೇನೆಂದರೆ ಈ ಲೆಕ್ಕ ಕೂಡಿಬರುವುದಿಲ್ಲ. ನಿಮ್ಮ ಮಗನಿಗೆ ಹತ್ತನೆಯ ವರ್ಷದ ಟಿಡಿ (ಧನುರ್ವಾಯು, ಡಿಫ್ತೀರಿಯಾ ತಡೆಯುವ) ಚುಚ್ಚುಮದ್ದು ಅಲ್ಲಿರುವಾಗಲೇ ಬಾಕಿಯಾಗುತ್ತದೆ. ಆ ವಯಸ್ಸಿನ ಮಕ್ಕಳಿಗೆ ಅಲ್ಲಿಯೂ ಬೂಸ್ಟರ್ ಇದೆ, ಕೇಳಿ ಹಾಕಿಸಿಕೊಳ್ಳಿ.

ಭುಜದ ಮೇಲಿನ ಬಿಸಿಜಿ, ಅಂದರೆ ಕ್ಷಯದ ಲಸಿಕೆಯ, ಕಲೆಯನ್ನು ಅಲ್ಲಿಯ ವೈದ್ಯರಿಗೆ ತೋರಿಸಿ ಹೇಳಿ. ಜರ್ಮನಿಯಲ್ಲಿ 1998ರಿಂದ ಬಿಸಿಜಿ ಹಾಕಬೇಕೆಂಬ ಶಿಫಾರಸೇ ಇಲ್ಲ. ಬಿಸಿಜಿ ಹಾಕಿದ ಮಕ್ಕಳಲ್ಲಿ ಕ್ಷಯದ ಚರ್ಮದ ಪರೀಕ್ಷೆ ಸುಮ್ಮನೆ ದಪ್ಪಗೆ ಊದಿಕೊಳ್ಳಬಹುದು. ಸಂಶಯ ಬಂದರೆ ರಕ್ತದಲ್ಲಿ ಮಾಡುವ ಪರೀಕ್ಷೆಯನ್ನು ಕೇಳಬಹುದು, ಅದಕ್ಕೆ ಬಿಸಿಜಿಯಿಂದ ಬಾಧಕವಿಲ್ಲ.

ಮಗನ ದಮ್ಮಿನ ವಿಷಯ ನನಗೆ ಅಷ್ಟು ಚಿಂತೆಯದಾಗಿ ಕಾಣುವುದಿಲ್ಲ, ಒಂದು ಎಚ್ಚರಿಕೆ ಸಾಕು. ನಮ್ಮಲ್ಲಿ ಬಹಳಷ್ಟು ಮಕ್ಕಳು ಸೇದುವುದು ಲಿವೋಸಾಲ್ಬುಟಮಾಲ್. ಜರ್ಮನಿಯಲ್ಲಿ ಬಳಕೆಯಲ್ಲಿರುವುದು ಸಾಲ್ಬುಟಮಾಲ್. ಎರಡೂ ಒಂದೇ ಮದ್ದಿನ ಎರಡು ರೂಪಗಳು: ಲಿವೋಸಾಲ್ಬುಟಮಾಲಿನ 50 ಮೈಕ್ರೋಗ್ರಾಮಿನ ಒಂದು ಪಫ್ ಸಾಲ್ಬುಟಮಾಲಿನ 100 ಮೈಕ್ರೋಗ್ರಾಮಿನ ಒಂದು ಪಫ್‌ಗೆ ಸಮ. ಅಂಕಿ ಇಮ್ಮಡಿಯಾಯಿತೆಂದು ಹೆದರಿ ಅರ್ಧ ಕೊಡಬೇಡಿ. ಮೂರು ತಿಂಗಳ ಮದ್ದು, ಮಗನಿಗೆ ಅಭ್ಯಾಸವಾದ ಸ್ಪೇಸರ್ (ಇನ್‌ಹೇಲರಿಗೆ ಜೋಡಿಸುವ ಕೊಳವೆ) ಜೊತೆಯಲ್ಲಿರಲಿ, ಅದೂ ಕೈಚೀಲದಲ್ಲಿ. ಮಳೆಗಾಲದ ಬೂಷ್ಟಿನಿಂದ ಅವನು ದೂರವಾಗುತ್ತಾನೆ, ಅದು ಒಳ್ಳೆಯದೇ. ಆದರೆ ಚಳಿಗಾಲದ ಒಣಗಾಳಿ ಮತ್ತು ವಸಂತದಲ್ಲಿ ಬರ್ಚ್ ಮರದ ಪರಾಗ ಹೊಸ ಕಾರಣಗಳಾಗಿ ಬರಬಹುದು. ಚೆನ್ನಾಗಿದ್ದಾನೆಂದು ದಿನನಿತ್ಯದ ಇನ್‌ಹೇಲರನ್ನು ನೀವಾಗಿಯೇ ನಿಲ್ಲಿಸಬೇಡಿ.

ನನ್ನ ಮನಸ್ಸು ಹೆಚ್ಚು ಹೊತ್ತು ನಿಂತದ್ದು ನಿಮ್ಮ ಮಗಳ ವಿಷಯದಲ್ಲಿ. ಮನೆಯಲ್ಲಿಯೇ ಬೆಳೆದ ಮಗು ಮೊದಲ ಸಲ ಶಿಶುವಿಹಾರಕ್ಕೆ, ಅದೂ ಚಳಿಗಾಲದ ಮುಂದೆ ಸೇರಿದರೆ, ಆ ಮೊದಲ ಆರು ತಿಂಗಳು ಎರಡು ಮೂರು ವಾರಕ್ಕೊಮ್ಮೆ ನೆಗಡಿ, ಜ್ವರ ಬರುವುದು ಸ್ವಾಭಾವಿಕ. ಅದು ಅವಳ ಮೈಯ ದೌರ್ಬಲ್ಯವಲ್ಲ. ಆದರೆ ಜ್ವರ ಹೆಚ್ಚು ಸಲ ಬಂದಂತೆ ಸೆಳೆತ ಮರುಕಳಿಸುವ ಸಂದರ್ಭಗಳೂ ಹೆಚ್ಚುತ್ತವೆ. ಒಮ್ಮೆ ಜ್ವರದ ಸೆಳೆತ ಬಂದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಇನ್ನೊಮ್ಮೆ ಬರುತ್ತದೆ. ಐದು ವರ್ಷ ದಾಟುತ್ತಿದ್ದಂತೆ ಈ ಕಾಟ ಸಾಮಾನ್ಯವಾಗಿ ಮುಗಿಯುತ್ತದೆ. ನೋಡುವವರಿಗೆ ಜೀವ ಬಾಯಿಗೆ ಬಂದಂತಾದರೂ, ಐದು ನಿಮಿಷದೊಳಗೆ ತಾನಾಗಿ ನಿಲ್ಲುವ ಸೆಳೆತ ಮಗುವಿನ ಮಿದುಳಿಗೆ ಹಾನಿ ಮಾಡುವುದಿಲ್ಲ.

ಆ ಕ್ಷಣದಲ್ಲಿ ಮಾಡಬೇಕಾದದ್ದು ನಿಮಗೆ ಗೊತ್ತಿರಬಹುದು, ಆದರೆ ಶಿಶುವಿಹಾರದವರ ಕೈಯಲ್ಲಿ ಅದು ಬರಹದಲ್ಲಿರಬೇಕು. ಮಗುವನ್ನು ಮಗ್ಗುಲಾಗಿ ಮಲಗಿಸಬೇಕು, ಗಡಿಯಾರ ನೋಡಬೇಕು, ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಬಾರದು, ಕೈಗೆ ಕಬ್ಬಿಣ ಕೊಡುವುದು ಬೇಡ, ಐದು ನಿಮಿಷ ದಾಟಿದರೆ 112ಕ್ಕೆ ಕರೆ ಮಾಡಬೇಕು. ಈ ಸಂಖ್ಯೆ ಅಲ್ಲಿಯೂ ಇಲ್ಲಿಯೂ ಒಂದೇ. ಇನ್ನು ನೀವು ಕೊಡುತ್ತಿರುವ ಕ್ಲೊಬಜಾಮ್. ಜ್ವರದ ದಿನಗಳಲ್ಲಿ ಅದನ್ನು ಕೊಡುವ ಪದ್ಧತಿ ನಮ್ಮ ದೇಶದಲ್ಲಿದೆ. ಜರ್ಮನಿಯ ವೈದ್ಯರಿಗೆ ಅದು ರೂಢಿಯಿಲ್ಲ. ಅವರು ಸಾಮಾನ್ಯವಾಗಿ ತಡೆಯಲು ಮದ್ದು ಕೊಡದೆ, ಸೆಳೆತ ನಿಲ್ಲದಿದ್ದರೆ ಗುದದ್ವಾರದಲ್ಲಿ ಹಾಕುವ ಡಯಜಿಪಾಮ್ ಅಥವಾ ಕೆನ್ನೆಯ ಒಳಗೆ ಹಾಕುವ ಮಿಡಜೋಲಾಮ್ ಮನೆಯಲ್ಲಿ ಇಟ್ಟುಕೊಳ್ಳಲು ಹೇಳುತ್ತಾರೆ. ಯಾರೋ ಒಬ್ಬರು ತಪ್ಪು ಮಾಡುತ್ತಿದ್ದಾರೆಂದು ಇದರ ಅರ್ಥವಲ್ಲ. ನಿಮ್ಮ ವೈದ್ಯರೊಂದಿಗೆ ಕುಳಿತು, ಮಗಳಿಗೆ ಈಗ ಅದರ ಅಗತ್ಯ ಇನ್ನೂ ಇದೆಯೇ ಎಂದು ಹೊರಡುವ ಮೊದಲೇ ತೀರ್ಮಾನಿಸಿ. ಒಯ್ಯುವುದಾದರೆ, ಕ್ಲೊಬಜಾಮ್ ಅಂತರರಾಷ್ಟ್ರೀಯ ನಿಯಂತ್ರಣದಲ್ಲಿರುವ ಮದ್ದು ಎಂಬುದು ನೆನಪಿರಲಿ: ಮೂಲ ಪ್ಯಾಕೆಟ್ಟಿನಲ್ಲಿಯೇ, ಮಗುವಿನ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಪ್ರಮಾಣ, ಎಷ್ಟು ದಿನಕ್ಕೆ ಎಂಬುದನ್ನೆಲ್ಲ ಬರೆದ ವೈದ್ಯರ ಪ್ರಮಾಣಪತ್ರದೊಂದಿಗೆ, ಒಂದು ತಿಂಗಳಿಗೆ ಮೀರದಷ್ಟು ಮಾತ್ರ ಒಯ್ಯಿರಿ.

ಜ್ವರದ ಸಿರಪ್ಪಿನಲ್ಲಿ ಎಡವುವವರು ಬಹಳ. ಹದಿಮೂರು ಕಿಲೋ ತೂಕದ ಮಗುವಿಗೆ ಒಂದು ಸಲಕ್ಕೆ ಸುಮಾರು 195 ಮಿಲಿಗ್ರಾಂ ಪ್ಯಾರಾಸಿಟಮಾಲ್ ಎಂದು ಇಟ್ಟುಕೊಳ್ಳೋಣ. ನಮ್ಮಲ್ಲಿಯ, ಐದು ಮಿಲಿಗೆ 120 ಮಿಲಿಗ್ರಾಂ ಇರುವ ಸಿರಪ್ಪಾದರೆ ಅದು ಎಂಟು ಮಿಲಿ, 250ರದ್ದಾದರೆ ನಾಲ್ಕು ಮಿಲಿಗಿಂತ ಸ್ವಲ್ಪ ಕಡಿಮೆ. ಜರ್ಮನಿಯ ಸಿರಪ್ಪಿನಲ್ಲಿ ಐದು ಮಿಲಿಗೆ 200 ಮಿಲಿಗ್ರಾಂ ಇರುವುದರಿಂದ ಹೆಚ್ಚುಕಡಿಮೆ ಐದು ಮಿಲಿ. ‘ಒಂದು ಮುಚ್ಚಳ’ ಎಂಬ ಲೆಕ್ಕವನ್ನು ಊರಿನಲ್ಲಿಯೇ ಬಿಟ್ಟು, ಮಗುವಿನ ತೂಕ ಮತ್ತು ಮಿಲಿಗ್ರಾಂ ಎರಡನ್ನೂ ಬಾಯಿಪಾಠ ಮಾಡಿಕೊಳ್ಳಿ. ಆಂಟಿಬಯಾಟಿಕ್ ಅಲ್ಲಿ ಚೀಟಿಯಿಲ್ಲದೆ ಸಿಗುವುದಿಲ್ಲ, ಮತ್ತು ಮೂರು ದಿನದ ಜ್ವರಕ್ಕೆ ವೈದ್ಯರು ಅದನ್ನು ಬರೆಯುವುದೂ ಕಡಿಮೆ. ‘ಮದ್ದೇ ಕೊಡಲಿಲ್ಲ, ಬಿಸಿನೀರು ಕುಡಿಸಿ ಎಂದರು’ ಎಂದು ಅಲ್ಲಿಂದ ಬೇಸರದಿಂದ ಫೋನ್ ಮಾಡುವ ತಾಯಂದಿರಿಗೆ ನಾನು ಹೇಳುವುದೇನೆಂದರೆ, ಮಗುವನ್ನು ಚೆನ್ನಾಗಿ ಪರೀಕ್ಷಿಸಿ ಮದ್ದು ಬೇಡ ಎನ್ನುವುದೂ ಚಿಕಿತ್ಸೆಯೇ. ರಾತ್ರಿ, ರಜಾದಿನಗಳಲ್ಲಿ ತುರ್ತಲ್ಲದ ತೊಂದರೆಗೆ 116117 ಎಂಬ ಸಂಖ್ಯೆ ಇದೆ. ಭಾನುವಾರ ಔಷಧಿ ಅಂಗಡಿಗಳು ಮುಚ್ಚಿರುತ್ತವೆ, ಸರದಿಯಲ್ಲಿ ಒಂದೊಂದು ಮಾತ್ರ ತೆರೆದಿರುತ್ತದೆ. ಮಗು ಏನಾದರೂ ನುಂಗಿಬಿಟ್ಟರೆ ವಿಚಾರಿಸಲು ಫ್ರೈಬುರ್ಗಿನಲ್ಲಿಯೇ ವಿಷ ಮಾಹಿತಿ ಕೇಂದ್ರವಿದೆ. ಈ ಸಂಖ್ಯೆಗಳನ್ನೆಲ್ಲ ಆ ತಾಯಿಯಿಂದ ಬರೆಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಳ್ಳಿ.

ವಿಮೆಯ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಅಲ್ಲಿ ನೌಕರಿಯಲ್ಲಿರುವವರು ಸಾರ್ವಜನಿಕ ಆರೋಗ್ಯ ವಿಮೆಗೆ ಸೇರಿದರೆ ಮಕ್ಕಳಿಗೆ ಪ್ರತ್ಯೇಕ ಕಂತಿಲ್ಲದೆಯೇ ರಕ್ಷಣೆ ಸಿಗುತ್ತದೆ. ನಿಮ್ಮ ಯಜಮಾನರಿಗೆ ಬರುವುದು ಸಂಬಳವಲ್ಲ, ವಿದ್ಯಾರ್ಥಿವೇತನ. ಆದ್ದರಿಂದ ಬಹುಶಃ ಖಾಸಗಿ ವಿಮೆಯೇ ಗತಿ. ಅಗ್ಗದ ಪ್ರವಾಸಿ ವಿಮೆಗಳು ಮೊದಲೇ ಇದ್ದ ಕಾಯಿಲೆಯನ್ನೂ ಲಸಿಕೆಯನ್ನೂ ಹೊರಗಿಡುತ್ತವೆ, ಅಂಥದ್ದನ್ನು ಕೊಳ್ಳಬೇಡಿ. ದಮ್ಮನ್ನೂ ಸೆಳೆತವನ್ನೂ ಅರ್ಜಿಯಲ್ಲಿ ಮುಚ್ಚಿಡದೆ ಬರೆಯಿರಿ; ಕಂತು ಸ್ವಲ್ಪ ಹೆಚ್ಚಾದರೂ ಸರಿ, ಬೇಕಾದ ಹೊತ್ತಿಗೆ ವಿಮೆ ಕೈಕೊಡಬಾರದು. ವಿದ್ಯಾರ್ಥಿವೇತನ ಕೊಡುವ ಸಂಸ್ಥೆಗೆ ತನ್ನದೇ ವಿಮೆಯ ಏರ್ಪಾಡಿದೆಯೇ ಎಂದು ಮೊದಲು ಕೇಳಿ. ಮಕ್ಕಳ ಹಲ್ಲನ್ನು ಇಲ್ಲಿಯೇ ತೋರಿಸಿ ಹೊರಡಿ.

ಅಲ್ಲಿಗೆ ಹೋದ ಮೇಲೆ ಎರಡು ಸಂಗತಿಗಳನ್ನು ನೀವಾಗಿಯೇ ಕೇಳಬೇಕು. ಒಂದು ವಿಟಮಿನ್ ಡಿ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಅಲ್ಲಿಯ ಬಿಸಿಲಿಗೆ ಚರ್ಮದಲ್ಲಿ ವಿಟಮಿನ್ ಡಿ ತಯಾರಿಸುವಷ್ಟು ಬಲವಿರುವುದಿಲ್ಲ, ನಮ್ಮ ಬಣ್ಣದ ಚರ್ಮಕ್ಕಂತೂ ಇನ್ನೂ ಹೆಚ್ಚು ಬಿಸಿಲು ಬೇಕು. ಎಷ್ಟು ಹನಿ ಕೊಡಬೇಕೆಂದು ವೈದ್ಯರನ್ನು ಕೇಳಿ. ಇನ್ನೊಂದು ಉಣ್ಣೆ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣುಗು. ಫ್ರೈಬುರ್ಗ್ ಇರುವುದು ಕಪ್ಪುಕಾಡು ಎಂಬ ಅರಣ್ಯದ ಅಂಚಿನಲ್ಲಿ, ಆ ರಾಜ್ಯದ ಹೆಚ್ಚಿನ ಭಾಗದಲ್ಲಿ ಉಣ್ಣೆ ಕಚ್ಚಿ ಬರುವ ಮಿದುಳಿನ ಉರಿಯೂತ ಇದೆ. ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ವೈರಸ್ಸಿಗೂ ಅದಕ್ಕೂ ಹತ್ತಿರದ ನೆಂಟಸ್ತಿಕೆ. ಅದಕ್ಕೆ ಅಲ್ಲಿ ಒಳ್ಳೆಯ ಲಸಿಕೆಯಿದೆ. ಸೆಪ್ಟೆಂಬರಿನಲ್ಲಿ ಹೋದವರು ಚಳಿಗಾಲದಲ್ಲಿ ಎರಡು ಡೋಸು ಹಾಕಿಸಿದರೆ ವಸಂತದ ಹೊತ್ತಿಗೆ ಮಕ್ಕಳು ಕಾಡಿನಲ್ಲಿ ಓಡಾಡಬಹುದು. ಉಣ್ಣೆಯಿಂದ ಬರುವ ಲೈಮ್ ಕಾಯಿಲೆಗೆ ಈ ಲಸಿಕೆ ತಾಗುವುದಿಲ್ಲ, ಆದ್ದರಿಂದ ಕಾಡಿಗೆ ಹೋಗಿ ಬಂದ ಸಂಜೆ ಮೊಣಕಾಲ ಹಿಂದೆ, ಕಿವಿಯ ಹಿಂದೆ, ಕೂದಲ ಅಂಚಿನಲ್ಲಿ ನೋಡಿ ಕಿತ್ತುಹಾಕಿ.

ಇನ್ನು ನಮ್ಮಲ್ಲಿಗೆ ಬರುವ ಹುಡುಗಿ. ಅವಳ ತಾಯಿ ಗೇರುಬೀಜದ ಅಲರ್ಜಿಯನ್ನು ಮೊದಲೇ ತಿಳಿಸಿದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಆ ಅಲರ್ಜಿ ಜೀವಕ್ಕೆ ಅಪಾಯ ತರಬಲ್ಲದು ಮತ್ತು ನಮ್ಮ ಊರಿನಲ್ಲಿ ಗೇರುಬೀಜ ಎಲ್ಲಿ ಇಲ್ಲ? ಪಾಯಸಕ್ಕೆ ತುಪ್ಪದಲ್ಲಿ ಹುರಿದು ಹಾಕುವುದು, ಉಪ್ಪಿಟ್ಟಿನ ಒಗ್ಗರಣೆ, ಹೋಟೆಲಿನ ಕುರ್ಮದ ಮಸಾಲೆಯಲ್ಲಿ ಕಾಣದಂತೆ ಅರೆದದ್ದು, ಬೇಕರಿಯ ಹಲ್ವ. ಪಾಯಸದಿಂದ ಬೀಜವನ್ನು ಹೆಕ್ಕಿ ತೆಗೆದು ಉಳಿದದ್ದನ್ನು ಬಡಿಸಿದರೆ ಸಾಲದು, ಅದೇ ಸೌಟು ಇನ್ನೊಂದು ಪಾತ್ರೆಗೆ ಹೋಗಲೂಬಾರದು. ಅಂಗಳದಲ್ಲಿ ಮರವಿರುವುದರಿಂದ ಭಯವಿಲ್ಲ, ತಿನ್ನುವುದರಿಂದ ಭಯ. ಆದರೂ ಮಾರ್ಚ್ ತಿಂಗಳಲ್ಲಿ ಮಕ್ಕಳು ತರಗೆಲೆ ಒಟ್ಟಿ ಹಸಿಬೀಜ ಸುಡುವಾಗ ಅವಳನ್ನು ದೂರವಿಡಿ. ಸಿಪ್ಪೆಯ ಎಣ್ಣೆ ಸಿಡಿದು ಯಾರ ಚರ್ಮವನ್ನಾದರೂ ಸುಡುತ್ತದೆ, ಹೊಗೆಯೂ ಒಳ್ಳೆಯದಲ್ಲ. ಗೇರುಬೀಜ ಆಗದವರಿಗೆ ಪಿಸ್ತಾ ಕೂಡ ಸಾಮಾನ್ಯವಾಗಿ ಆಗುವುದಿಲ್ಲ.

ನಮ್ಮ ನೆರೆಕರೆಯವರ ಪ್ರೀತಿಯನ್ನು ಬಲ್ಲವನಾಗಿ ಹೇಳುತ್ತೇನೆ: ‘ಮಗೂ, ಒಂದು ತುಂಡು ತಿನ್ನು’ ಎಂದು ಬಾಯಿಗೆ ಹಾಕುವವರೇ ಇಲ್ಲಿ ಹೆಚ್ಚು. ಹೊರಡುವ ಮೊದಲು ನೀವೇ ಅಕ್ಕಪಕ್ಕದ ಮನೆಗಳಿಗೂ ಮನೆಗೆಲಸದವರಿಗೂ ಅಂಗಡಿಯವರಿಗೂ ಖುದ್ದಾಗಿ ತಿಳಿಸಿ. ಆ ಮಗುವಿನ ಕುತ್ತಿಗೆಯ ಕಾರ್ಡಿನಲ್ಲಿ ಗೇರುಬೀಜ, ಗೋಡಂಬಿ, ಕಶುವಂಡಿ, ಅಂಡಿಪ್ಪರಿಪ್ಪು ಎಂಬ ಹೆಸರುಗಳೆಲ್ಲ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಇರಲಿ. ತೊಡೆಗೆ ಚುಚ್ಚುವ ಅಡ್ರಿನಲಿನ್ ಪೆನ್ನು ನಮ್ಮ ಔಷಧಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುವಂಥದ್ದಲ್ಲ. ಅವಧಿ ಮುಗಿಯುವ ತಾರೀಕು ನೋಡಿ ಹನ್ನೊಂದು ತಿಂಗಳಿಗೆ ಸಾಕಾಗುವಷ್ಟು ಅವರೇ ತರಲಿ. ಏಪ್ರಿಲಿನ ಸೆಕೆಯಲ್ಲಿ ಅದನ್ನು ಕಾರಿನೊಳಗೆ ಬಿಡಬಾರದು. ತುಟಿ ಊದಿ, ಉಸಿರು ಕಟ್ಟಿ, ವಾಂತಿಯಾಗಿ ಮಗು ಬಿಳಿಚಿಕೊಂಡರೆ ಮೊದಲು ಆ ಪೆನ್ನು, ಆಮೇಲೆ ಗಾಡಿ. ತುರಿಕೆಯ ಮಾತ್ರೆ ಕೊಟ್ಟು ಕಾಯುವುದು ಬೇಡ. ನಿಮ್ಮ ಮನೆಯಿಂದ ಹತ್ತಿರದ, ರಾತ್ರಿಯೂ ಡಾಕ್ಟರಿರುವ ಆಸ್ಪತ್ರೆ ಯಾವುದು ಎಂಬುದನ್ನು ಈಗಲೇ ಹೋಗಿ ವಿಚಾರಿಸಿ ಅವರಿಗೆ ಬರೆದುಕೊಡಿ. ಅಂಥ ಹೊತ್ತಿನಲ್ಲಿ ನೇರ ಮಂಗಳೂರಿಗೆ ಹೊರಡುವುದು ಸಲ್ಲದು. ಹತ್ತಿರದಲ್ಲಿ ಮಗುವನ್ನು ಉಳಿಸಿಕೊಂಡ ಮೇಲೆ ಮಂಗಳೂರು.

ಜ್ವರದ ವಿಷಯದಲ್ಲಿ ಆ ತಾಯಿಗೆ ಒಂದು ಮಾತನ್ನು ತಪ್ಪದೆ ಹೇಳಬೇಕು. ಜರ್ಮನಿಯಲ್ಲಿ ಮಕ್ಕಳ ಜ್ವರಕ್ಕೆ ಐಬುಪ್ರೊಫೇನ್ ಕೊಡುವುದು ಮನೆಮಾತು. ನಮ್ಮಲ್ಲಿ ಅದು ಡೆಂಗಿ ಇರಬಹುದು, ಡೆಂಗಿಯಲ್ಲಿ ಐಬುಪ್ರೊಫೇನ್ ರಕ್ತಸ್ರಾವಕ್ಕೆ ದಾರಿಮಾಡಬಹುದು. ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಪ್ಯಾರಾಸಿಟಮಾಲ್ ಮಾತ್ರ. ಎರಡು ದಿನ ದಾಟಿದ ಜ್ವರಕ್ಕೆ ರಕ್ತಪರೀಕ್ಷೆ ಆಗಲೇಬೇಕು. ಹೆಪಟೈಟಿಸ್ ಎ, ಟೈಫಾಯ್ಡ್ ಲಸಿಕೆಗಳನ್ನು ಹೊರಡುವ ಮೊದಲೇ ಹಾಕಿಸಲಿ. ರೇಬೀಸ್ ಲಸಿಕೆಯನ್ನೂ ಮುಂಚಿತವಾಗಿ ಹಾಕಿಸಲು ನಾನು ಒತ್ತಾಯಿಸುತ್ತೇನೆ. ನಾಯಿ ಬೆಕ್ಕುಗಳನ್ನು ಮುದ್ದಿಸಿ ಬೆಳೆದ ಮಗು ಬೀದಿನಾಯಿಗೂ ಕೈ ಚಾಚುತ್ತದೆ, ಪರಚಿದರೂ ಹೆದರಿ ಹೇಳದೆ ಇರಬಹುದು. ಕಚ್ಚಿದರೆ ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮೊದಲೇ ಲಸಿಕೆ ಹಾಕಿಸಿದ್ದರೂ ಮತ್ತೆ ಚುಚ್ಚುಮದ್ದು ಬೇಕೇ ಬೇಕು.

ನಿಮ್ಮಲ್ಲಿ ಬಾವಿಯ ನೀರೋ, ಗುಡ್ಡವನ್ನು ಅಡ್ಡಕ್ಕೆ ಕೊರೆದ ಸುರಂಗದ ನೀರೋ ಬರೆದಿಲ್ಲ. ಸುರಂಗದ ನೀರು ಕನ್ನಡಿಯ ಹಾಗೆ ತಿಳಿಯಾಗಿದ್ದರೂ ಆ ಮನೆಯವರಿಗೆ ಕುದಿಸಿಯೇ ಕುಡಿಯಲು ಹೇಳಿ. ಜೀರಿಗೆ ಹಾಕಿ ಕುದಿಸುವ ನಮ್ಮ ಕ್ರಮವನ್ನು ತೋರಿಸಿಕೊಟ್ಟರೆ ಕುದಿಸಿದ್ದು ಯಾವುದು, ಹಸಿನೀರು ಯಾವುದು ಎಂಬುದು ಬಣ್ಣದಿಂದಲೇ ತಿಳಿಯುತ್ತದೆ. ತೋಟದ ಕೆರೆಯಲ್ಲಿ ಮಗುವನ್ನು ಈಜಲು ಬಿಡುವುದು ಬೇಡ. 2024ರಲ್ಲಿ ಕೇರಳದಲ್ಲಿ ನಿಂತ ನೀರಿನಲ್ಲಿ ಮಿಂದ ಮಕ್ಕಳಿಗೆ ಮೂಗಿನ ಮೂಲಕ ಅಮೀಬಾ ಮಿದುಳಿಗೆ ಹೋಗಿ ಸಾವುಗಳಾದವು. ಆ ಕಾಯಿಲೆ ಅಪರೂಪ, ಆದರೆ ಬಂದರೆ ಉಳಿಯುವವರು ತೀರ ಕಡಿಮೆ.

ಜರ್ಮನಿಯಿಂದ ಬರುವವರ ವಿಮೆ ಇಲ್ಲಿ ಹಣ ಕಟ್ಟಿದ ಮೇಲೆ ಮರಳಿ ಕೊಡುವಂಥದ್ದಾಗಿದ್ದರೆ, ಪ್ರತಿ ಭೇಟಿಗೂ ಮೊಹರು ಹಾಕಿದ, ವಿವರವಾದ ಬಿಲ್ಲು ಕೇಳಿ ಪಡೆಯಲು ತಿಳಿಸಿ. ಕಾಸರಗೋಡಿಗೂ ಫ್ರೈಬುರ್ಗಿಗೂ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಅಂತರ. ಫ್ರೈಬುರ್ಗಿನಲ್ಲಿ ರಾತ್ರಿ ಎಂಟಾದರೆ ಇಲ್ಲಿ ಡಾಕ್ಟರು ಮಲಗಿರುತ್ತಾರೆ. ವಾರಕ್ಕೆ ಒಂದು ಹೊತ್ತನ್ನು ಇಬ್ಬರು ತಾಯಂದಿರೂ ಮಾತಿಗೆ ಗೊತ್ತುಮಾಡಿಕೊಳ್ಳಿ. ಮಗಳ ಕಾರ್ಡನ್ನು ನಾಳೆಯೇ ಉಪಕೇಂದ್ರಕ್ಕೆ ಒಯ್ದು ರಿಜಿಸ್ಟರ್ ತೆಗೆಸಿ ನೋಡಿ. ದಡಾರದ ಎರಡನೆಯ ಡೋಸು ಅಲ್ಲಿಯೂ ಕಾಣದಿದ್ದರೆ, ಬರುವ ಬುಧವಾರದ ಲಸಿಕೆಯ ದಿನವೇ ಮಗುವನ್ನು ಕರೆದುಕೊಂಡು ಹೋಗಿ ಹಾಕಿಸಿ.